ಅರೇಹಳ್ಳಿಯಲ್ಲಿ ಮೈನಸ್ 40

ಹಳೇ ಸಾಮಾನು ಮಾರೋಕೆ ನಾಲ್ಕು ಸಾಲು ಜಾಹೀರಾತು ಬರೆಯೋದು ಏನ್ ಮಹಾ ಅಂದ್ಕೊಂಡಿದ್ದೆ. ಸಂಕ್ರಾಂತಿ ರಜೆಗೆ ಊರಿಗೆ ಹೋದವನು ಅಟ್ಟದ ಮೇಲಿದ್ದ ರಟ್ಟಿನ ಡಬ್ಬ ಇಳಿಸಿ, ಒಳಗಿದ್ದದ್ದನ್ನೆಲ್ಲ ಪಡಸಾಲೆ ತುಂಬಾ ಹರಡಿಕೊಂಡು ಕೂತೆ. ಒಂದೂವರೆ ಗಂಟೆಯಾದ್ರೂ ಬರೆದದ್ದು ಇಷ್ಟೇ: "ಮಾರಾಟಕ್ಕಿದೆ. ಇಸಿಯು ಒಂದು, ಪೂರ್ತಿ ವೈರಿಂಗ್ ಸಮೇತ. ಫಿಯೆಟ್ ಕಾರಿನಿಂದ ಬಿಚ್ಚಿದ್ದು. ಕಂಡೀಷನ್:"

ಕಂಡೀಷನ್ ಅಂತ ಬರೆದು ಎರಡು ಚುಕ್ಕಿ ಇಟ್ಟ ಮೇಲೆ ಕೈ ಓಡಲಿಲ್ಲ. 'ಗುಡ್' ಅಂತ ಬರೆಯಬಹುದಿತ್ತು. ಎಲ್ಲರೂ ಅದನ್ನೇ ಬರೀತಾರೆ. ಸುಳ್ಳೂ ಆಗ್ತಿರಲಿಲ್ಲ, ಡಬ್ಬ ಕೆಟ್ಟಿರಲಿಲ್ಲ. ಆದ್ರೆ ಅದೇ ಡಬ್ಬ ಆರು ತಿಂಗಳ ಹಿಂದೆ ಮಾಡಿದ ಕೆಲಸ ನಂಗೆ ಗೊತ್ತಿತ್ತಲ್ಲ.

ನೀವು ಓಡಿಸೋ ಕಾರಿನಲ್ಲೂ ಇಂಥದ್ದೊಂದು ಡಬ್ಬ ಇದ್ದೇ ಇರುತ್ತೆ. ಊಟದ ಡಬ್ಬಿಯಷ್ಟು ದೊಡ್ಡದು. ಎಂಜಿನ್ ಎಷ್ಟು ಜೋರಾಗಿ ತಿರುಗ್ತಿದೆ, ಎಷ್ಟು ಗಾಳಿ ಎಳ್ಕೊಳ್ತಿದೆ, ನೀರು ಎಷ್ಟು ಬಿಸಿಯಾಗಿದೆ ಅಂತ ಸೆನ್ಸರ್‌ಗಳನ್ನ ಕೇಳ್ಕೊಂಡು, ಪೆಟ್ರೋಲ್ ಎಷ್ಟು ಚಿಮ್ಮಿಸಬೇಕು, ಕಿಡಿ ಯಾವಾಗ ಹಾರಿಸಬೇಕು ಅಂತ ಸೆಕೆಂಡಿಗೆ ಎಷ್ಟೋ ಸಲ ತೀರ್ಮಾನ ಮಾಡೋ ಕಂಪ್ಯೂಟರ್ ಅದು. 2000ನೇ ಇಸವಿ ಹೊತ್ತಿಗೆ ಮಾರುತಿ 800ಕ್ಕೂ ಅದು ಬಂತು. ಅದಕ್ಕೆ ಮುಂಚೆ ಈ ಕೆಲಸಕ್ಕೆ ಇದ್ದದ್ದು ಕಾರ್ಬ್ಯುರೇಟರ್, ನಮ್ಮೂರ ಬಾಯಲ್ಲಿ ಕಾರ್ಬೇಟರ್. ಅದಕ್ಕೆ ಕರೆಂಟೂ ಬೇಡ, ಲೆಕ್ಕವೂ ಬೇಡ. ಗಾಳಿ ಒಳಗೆ ನುಗ್ಗುವಾಗ ಸಣ್ಣ ತೂತಿನಿಂದ ಪೆಟ್ರೋಲನ್ನೂ ಎಳ್ಕೊಂಡು ಹೋಗುತ್ತೆ, ಅಷ್ಟೆ.

ನಮ್ಮ ಅಪ್ಪ ಅರೇಹಳ್ಳಿ ಹತ್ರದ ಒಂದು ಕಾಫಿ ತೋಟದಲ್ಲಿ ಇಪ್ಪತ್ತಾರು ವರ್ಷ ಡ್ರೈವರ್. ಸಾಹುಕಾರ್ರ ಮನೇಲಿ ಒಂದು ಜೀಪು, ಒಂದು ಟ್ರ್ಯಾಕ್ಟರು, ಒಂದು 1986ರ ಪ್ರೀಮಿಯರ್ ಪದ್ಮಿನಿ ಇತ್ತು. ಪದ್ಮಿನಿ ಅನ್ನೋ ಹೆಸರು ಆರ್‌ಸಿ ಪುಸ್ತಕದಲ್ಲಿ ಮಾತ್ರ. ಇಟಲಿಯ ಫಿಯೆಟ್ 1100 ಗಾಡಿಯನ್ನ ಬಾಂಬೆಯ ಕುರ್ಲಾದಲ್ಲಿ ತಯಾರಿಸ್ತಿದ್ರು. ಅದಕ್ಕೆ 70ರ ದಶಕದಲ್ಲಿ ಪದ್ಮಿನಿ ಅಂತ ಹೆಸರಿಟ್ರು. ಜನ ಮಾತ್ರ ಕೊನೇವರೆಗೂ ಫಿಯೆಟ್ ಅಂತಲೇ ಕರೆದ್ರು. 1089 ಸಿಸಿ ಎಂಜಿನ್ನು, ಸ್ಟೀರಿಂಗ್ ಪಕ್ಕದಲ್ಲಿ ಗೇರು. ಸಾಹುಕಾರ್ರು ಹೊಸ ಕಾರು ತಗೊಂಡಾಗ ಇದನ್ನ ಅಪ್ಪನಿಗೆ ಹದಿನೆಂಟು ಸಾವಿರಕ್ಕೆ ಕೊಟ್ರು. ದಾನ ಅಲ್ಲ, ತಿಂಗಳ ಸಂಬಳದಲ್ಲಿ ಮುರ್ಕೊಂಡ್ರು. ಆಗ ನಾನು ಹಾಸನದಲ್ಲಿ ಬಿಇ ಓದ್ತಿದ್ದೆ. ನನ್ನ ಫೀಸು, ಕಾರಿನ ಕಂತು ಎರಡೂ ಒಂದೇ ಸಂಬಳದಿಂದ ಹೋಗ್ತಿತ್ತು ಅಂತ ನಂಗೆ ಹೊಳೆದದ್ದು ಬಹಳ ವರ್ಷ ಆದ್ಮೇಲೆ.

ನಮ್ಮ ಕಡೆ ಕಾರು ಅಂದ್ರೆ ಶೋಕಿ ಅಂತ ಬೆಂಗಳೂರಿನವರು ತಿಳ್ಕೊಳ್ಳಬಾರದು. ಬೇಲೂರು ತಾಲ್ಲೂಕಿನ ಅರೇಹಳ್ಳಿ, ಬಿಕ್ಕೋಡು ಕಡೆಯ ಸುದ್ದಿ ಪೇಪರಲ್ಲಿ ಬಂತು ಅಂದ್ರೆ ಒಂದೋ ಕಾಫಿ ರೇಟು, ಇಲ್ಲಾ ಆನೆ. ಕತ್ತಲಾದ ಮೇಲೆ ತೋಟದ ರಸ್ತೇಲಿ ಬೈಕ್ ಹತ್ತೋ ಧೈರ್ಯ ಯಾರೂ ಮಾಡಲ್ಲ. ರಾತ್ರಿ ಯಾರಿಗಾದ್ರೂ ಹುಷಾರು ತಪ್ಪಿದ್ರೆ ನಾಲ್ಕು ಬಾಗಿಲಿರೋ ಗಾಡಿ ಬೇಕು, ಅದು ಸೆಲ್ಫ್ ಹೊಡೆದ ತಕ್ಷಣ ಸ್ಟಾರ್ಟ್ ಆಗಬೇಕು. ನಾನು ಕಾರಿಗೆ ಕೈ ಹಾಕಿದ್ದಕ್ಕೆ ಇದೇ ಕಾರಣ ಅಂತ ಎಲ್ಲರ ಹತ್ರಾನೂ ಹೇಳ್ತಿದ್ದೆ. ಮಲೆನಾಡಿನ ಚಳೀಲಿ ಅಪ್ಪ ಬೆಳಗ್ಗೆ ಚೋಕ್ ಎಳೆದು, ಬಿಟ್ಟು, ಮತ್ತೆ ಎಳೆದು ಒದ್ದಾಡೋದನ್ನ ನೋಡಿದ್ದೆ, ಅದು ನಿಜ. ಆದ್ರೆ ಅರ್ಧ ಕಾರಣ ನನ್ನ ತೀಟೆ. ಡ್ರೈವರ್ ಮಗ ಎಂಜಿನಿಯರ್ ಆಗಿ ಏನು ಕಡಿದು ಕಟ್ಟೆ ಹಾಕಿದ ಅನ್ನೋದಕ್ಕೆ ಊರಲ್ಲಿ ತೋರಿಸೋಕೆ ಏನೂ ಇರಲಿಲ್ಲ. ನಾನು ಬರೆಯೋ ಕೋಡು ಎಲ್ಲೋ ಅಮೆರಿಕದ ಸರ್ವರಲ್ಲಿ ಓಡುತ್ತೆ. ಅದನ್ನ ಅಮ್ಮನಿಗೆ ಹೇಗೆ ತೋರಿಸೋದು?

2020ರ ಲಾಕ್‌ಡೌನ್. ತಾರಸಿ ಮೇಲೆ ನೆಟ್‌ವರ್ಕ್ ಹಿಡ್ಕೊಂಡು ಮೀಟಿಂಗು, ಮೀಟಿಂಗ್ ಮಧ್ಯೆ ಕಾರು. ಮೆಗಾಸ್ಕ್ವರ್ಟ್ ಅಂತ ಒಂದಿದೆ. ಅಮೆರಿಕದ ಬ್ರೂಸ್ ಬೌಲಿಂಗ್, ಆಲ್ ಗ್ರಿಪ್ಪೊ ಅನ್ನೋ ಇಬ್ಬರು ಮಾಡಿದ, ಮನೇಲೇ ಬೆಸುಗೆ ಹಾಕಿ ಜೋಡಿಸ್ಕೊಳ್ಳಬಹುದಾದ ಇಸಿಯು. ಆಮೇಲೆ ಆರ್ಡುಯಿನೊ ಮೆಗಾ ಬೋರ್ಡಿನ ಮೇಲೆ ನಡೆಯೋ ಸ್ಪೀಡುಯಿನೊ ಬಂತು. ಆ ಜಾತಿಯದೇ ಒಂದು ಬೋರ್ಡು ತರಿಸಿದೆ. ಓಡಾಟ ಸಡಿಲ ಆದ್ಮೇಲೆ ಶಿವಾಜಿನಗರದ ಗುಜರಿ, ಜೆ.ಸಿ. ರೋಡ್ ಅಲೆದು ಮಾರುತಿ 800ರ ಥ್ರಾಟಲ್ ಬಾಡಿ, ಇಂಜೆಕ್ಟರು, ಸೆನ್ಸರು ಹುಡುಕಿ ತಂದೆ. ಎಂಜಿನ್ ಮುಂದಿನ ಪುಲ್ಲಿಗೆ 36 ಹಲ್ಲಿನ ಲೆಕ್ಕದ ಚಕ್ರ ಕೂರಿಸಿದ್ದಾಯ್ತು. ಅದರಲ್ಲಿ ಒಂದು ಹಲ್ಲು ಬೇಕಂತಲೇ ಇರಲ್ಲ. ಆ ಖಾಲಿ ಜಾಗ ನೋಡಿಕೊಂಡೇ ಕಂಪ್ಯೂಟರು ಎಂಜಿನ್ ಎಲ್ಲಿಗೆ ತಿರುಗಿದೆ ಅಂತ ತಿಳ್ಕೊಳ್ಳೋದು. ಹಳೇ ಎ.ಸಿ. ಪಂಪಿನ ಒತ್ತಡ ಸಾಲಲ್ಲ ಅಂತ ಟ್ಯಾಂಕ್ ಹತ್ರ ಕರೆಂಟಿನ ಪಂಪು, ಉಳಿದ ಪೆಟ್ರೋಲ್ ವಾಪಸ್ ಹೋಗೋಕೆ ಇನ್ನೊಂದು ಪೈಪು. ಎಲ್ಲ ಸೇರಿ ಅರವತ್ತನಾಲ್ಕು ಸಾವಿರ. "ಆ ದುಡ್ಡಲ್ಲಿ ಒಂದು ಹಸ ಬತ್ತಿತ್ತು" ಅಂದ್ರು ಅಮ್ಮ.

(ಕಾನೂನಿನ ಮಾತು ಇಲ್ಲೇ ಹೇಳಿ ಮುಗಿಸ್ತೀನಿ. ಕಂಪನಿಯವರು ಕೊಟ್ಟ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಾಯಿಸೋ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. ನನ್ನದು ಎಂಜಿನ್ ಅದೇ, ಬಾಡಿ ಅದೇ, ಪೆಟ್ರೋಲೂ ಅದೇ, ಆರ್‌ಸಿಯಲ್ಲಿ ಇರೋದು ಒಂದಕ್ಷರ ಬದಲಾಗಿಲ್ಲ ಅಂತ ನಾನು ವಾದ ಮಾಡ್ಕೊಂಡಿದ್ದೆ. ವಕೀಲರ ಹತ್ರ ಮಾತ್ರ ಕೇಳಲಿಲ್ಲ. ಕೇಳಿದ್ರೆ ಏನಂತಿದ್ರೋ ಅನ್ನೋ ಭಯ.)

ಡಬ್ಬ ಕೂರಿಸೋದು ಕಾಲು ಭಾಗ ಕೆಲಸ. ಮುಕ್ಕಾಲು ಭಾಗ ಮ್ಯಾಪು. 16ಕ್ಕೆ 16, ಒಟ್ಟು 256 ಮನೆಗಳ ಒಂದು ಕೋಷ್ಟಕ ಅದು. ಇಷ್ಟು ವೇಗ, ಇಷ್ಟು ಭಾರ ಇದ್ದಾಗ ಪೆಟ್ರೋಲ್ ಇಷ್ಟು ಅಂತ ಒಂದೊಂದು ಮನೆಯನ್ನೂ ರಸ್ತೇಲಿ ಓಡಿಸಿಯೇ ತುಂಬಬೇಕು. ಅಪ್ಪ ಓಡಿಸೋದು, ನಾನು ಪಕ್ಕದಲ್ಲಿ ಲ್ಯಾಪ್‌ಟಾಪ್ ತೊಡೆ ಮೇಲಿಟ್ಕೊಂಡು ಕೂರೋದು. ಅರೇಹಳ್ಳಿಯಿಂದ ಬೇಲೂರಿಗೆ, ಬೇಲೂರಿಂದ ಅರೇಹಳ್ಳಿಗೆ. "ಅಪ್ಪ, ಮೂರನೇ ಗೇರಲ್ಲೇ ಹೋಗು. ಎಕ್ಸಲೇಟರ್ ಹಂಗೇ ಹಿಡ್ಕೊ." ಅಪ್ಪ ಹಿಡ್ಕೊಳ್ತಿದ್ರು. ಸೈಲೆನ್ಸರಿಗೆ ಹಾಕಿದ್ದ ಸೆನ್ಸರು ನನ್ನ ಪರದೆ ಮೇಲೆ ಅಂಕಿ ತೋರಿಸೋದು. 14.7 ಅಂದ್ರೆ ಪೆಟ್ರೋಲು, ಗಾಳಿ ಸರಿಸಮ. ಅದಕ್ಕಿಂತ ಜಾಸ್ತಿ ಬಂದ್ರೆ ಪೆಟ್ರೋಲ್ ಸಾಲದು. ನಾನು ಅಂಕಿ ನೋಡಿ ಬಾಯಿ ತೆಗೆಯೋ ಮುಂಚೆ ಅಪ್ಪ "ಈಗ ಒಣಗ್ತು ನೋಡು" ಅಂತಿದ್ರು. ಕಿವಿಯಲ್ಲೇ. ನಾನು ಸಣ್ಣವನಿದ್ದಾಗಿನಿಂದ ಆ ನಾಲ್ಕು ತಿಂಗಳಷ್ಟು ಹೊತ್ತು ಅಪ್ಪನ ಪಕ್ಕ ಯಾವತ್ತೂ ಕೂತಿರಲಿಲ್ಲ. ಸಾಹುಕಾರ್ರ ಮನೆ ಮಾತು, ಜೀಪು ಹಳ್ಳಕ್ಕೆ ಇಳಿದ ಕತೆ, ಅಮ್ಮನನ್ನ ಮದುವೆ ಆಗೋ ಮುಂಚಿನ ಒಂದೆರಡು ವಿಷಯ (ಅವನ್ನ ಇಲ್ಲಿ ಬರೆಯಲ್ಲ) ಎಲ್ಲಾ ಬಂದದ್ದು ಆ ರಸ್ತೇಲೇ.

ಎರಡು ವರ್ಷ ಕಾರು ಹೂವಿನ ಹಾಗೆ ಓಡ್ತು. ಒಂದೇ ಸೆಲ್ಫಿಗೆ ಸ್ಟಾರ್ಟು. ಚಾರ್ಮಾಡಿ ಇಳಿದು ಧರ್ಮಸ್ಥಳಕ್ಕೆ ಹೋಗಿ ಬಂದ್ವಿ. ಘಟ್ಟದ ಮೇಲೆ ಗಾಳಿ ತೆಳು, ಕೆಳಗೆ ದಪ್ಪ. ಡಬ್ಬ ಅದನ್ನ ತಾನೇ ಅಳ್ಕೊಂಡು ತಾನೇ ಸರಿ ಮಾಡ್ಕೊಳ್ತಿತ್ತು. ಅಮ್ಮ ಮೊದಲ ಸಲ "ಪರವಾಗಿಲ್ಲ ಕಣೋ" ಅಂದ್ರು.

2023ರ ಜುಲೈ. ಮಳೆ ಹಿಡಿದು ಹನ್ನೊಂದನೇ ದಿನ. ಬೆಳಗಿನ ಜಾವ ಮೂರು ನಲವತ್ತಕ್ಕೆ ಅಪ್ಪನ ಫೋನು. "ಅಮ್ಮಂಗೆ ಉಸಿರು ಕಟ್ತಾ ಐತೆ. ಗಾಡಿ ಸ್ಟಾರ್ಟ್ ಆಯ್ತಾ ಇಲ್ಲ ಕಣ್ಲಾ."

ನಾನು ಬೆಂಗಳೂರಲ್ಲಿ. ಲ್ಯಾಪ್‌ಟಾಪೂ ಬೆಂಗಳೂರಲ್ಲಿ. ಫೋನಿನಲ್ಲಿ ಸೆಲ್ಫ್ ತಿರುಗೋ ಸದ್ದು ಕೇಳ್ತಿತ್ತು. ತಿರುಗುತ್ತೆ, ತಿರುಗುತ್ತೆ, ಹಿಡಿಯಲ್ಲ. ಹಿಂದೆ ಅಮ್ಮನ ಉಸಿರು. "ಪೆಟ್ರೋಲ್ ವಾಸನೆ ಹೊಡೀತೈತೆ. ಏನ್ ಮಾಡ್ಬೇಕು ಹೇಳು, ಮಾಡ್ತೀನಿ" ಅಂದ್ರು ಅಪ್ಪ. ಇಪ್ಪತ್ತಾರು ವರ್ಷ ಯಾವ ಗಾಡಿಯನ್ನೂ ದಾರೀಲಿ ಬಿಟ್ಟು ಬಂದವರಲ್ಲ. ಸ್ಪ್ಯಾನರು, ಟಾರ್ಚು ಹಿಡ್ಕೊಂಡು ಮಳೇಲಿ ನಿಂತು ಮಗನನ್ನ ಕೇಳ್ತಿದ್ದಾರೆ. ನಂಗೆ ಹೇಳೋಕೆ ಏನೂ ಬರಲಿಲ್ಲ. "ಇನ್ನೊಂದ್ ಸಲ ಹೊಡಿ ಅಪ್ಪ" ಅಂದೆ. ಹೊಡೆದ್ರು. ಬ್ಯಾಟರಿ ಕೂತೋಯ್ತು.

ಪಕ್ಕದ ತೋಟದವರ ಪಿಕಪ್ ಬರೋಕೆ ಮುಕ್ಕಾಲು ಗಂಟೆ ಹಿಡೀತು. ಆಸ್ತಮಾ. ಹಾಸನದ ಆಸ್ಪತ್ರೇಲಿ ಮೂರು ದಿನ ಇದ್ದು ಅಮ್ಮ ಮನೆಗೆ ಬಂದ್ರು. ನಾನು ಬೆಳಗ್ಗೆ ಬಸ್ಸಲ್ಲಿ ಹಾಸನಕ್ಕೆ ಹೋಗ್ತಾ ಕುಣಿಗಲ್ ದಾಟೋ ಹೊತ್ತಿಗೆ ನೆನಪಾಯ್ತು: ಎಕ್ಸಲೇಟರ್ ಪೂರ್ತಿ ತುಳಿದು ಸೆಲ್ಫ್ ಹೊಡೆದ್ರೆ ಡಬ್ಬ ಪೆಟ್ರೋಲ್ ನಿಲ್ಲಿಸುತ್ತೆ, ಒದ್ದೆಯಾದ ಪ್ಲಗ್ ಒಣಗುತ್ತೆ. ಆ ಸೆಟ್ಟಿಂಗ್ ಇಟ್ಟಿದ್ದೂ ನಾನೇ. ಅಪ್ಪನಿಗೆ ಹೇಳಿಕೊಟ್ಟಿರಲಿಲ್ಲ.

ಅಮ್ಮ ಮನೆಗೆ ಬಂದ ದಿನ ರಾತ್ರಿ ಲ್ಯಾಪ್‌ಟಾಪ್ ಚುಚ್ಚಿದೆ. ಎಂಜಿನ್ ನೀರಿನ ಬಿಸಿ ತೋರಿಸೋ ಜಾಗದಲ್ಲಿ ಮೈನಸ್ 40 ಡಿಗ್ರಿ ಅಂತಿತ್ತು. ನಮ್ಮ ಅರೇಹಳ್ಳಿಯಲ್ಲಿ. ನೀರಿನ ಸೆನ್ಸರು ತಣ್ಣಗಾದಷ್ಟೂ ಕರೆಂಟನ್ನ ಜಾಸ್ತಿ ತಡೆಯುತ್ತೆ. ವೈರೇ ತುಂಡಾದ್ರೆ ತಡೆ ಅನಂತ, ಅಂದ್ರೆ ಡಬ್ಬದ ಲೆಕ್ಕದಲ್ಲಿ ಹೊರಗೆ ಹಿಮಾಲಯದ ಚಳಿ. ಆ ಚಳಿಗೆ ಎಷ್ಟು ಪೆಟ್ರೋಲ್ ಬೇಕೋ ಅಷ್ಟೂ ಸುರಿದಿದೆ. ಕನೆಕ್ಟರ್ ಬಿಚ್ಚಿ ನೋಡಿದೆ, ಒಳಗೆ ನೀರು, ತಾಮ್ರ ಹಸಿರಾಗಿ ಪುಡಿಯಾಗಿತ್ತು. ಗುಜರಿಯಲ್ಲಿ ನಲವತ್ತು ರೂಪಾಯಿಗೆ ತಂದ ಕನೆಕ್ಟರು. ಅದರ ರಬ್ಬರ್ ಸೀಲ್ ಇಲ್ಲ ಅಂತ ನಂಗೆ ಅವತ್ತೇ ಗೊತ್ತಿತ್ತು. ಕಂಪನಿಯಿಂದ ಬರೋ ಕಾರುಗಳಲ್ಲಿ ಈ ಸೆನ್ಸರ್ ಕೈಕೊಟ್ರೆ ಕಂಪ್ಯೂಟರ್ ಅದನ್ನ ನಂಬೋದು ಬಿಟ್ಟು, ಒಂದು ಊಹೆಯ ಬಿಸಿ ಇಟ್ಕೊಂಡು ಮುಂದೆ ದೀಪ ಹಚ್ಚಿ ಹೇಳುತ್ತೆ. ಆಫೀಸಲ್ಲಿ ಜೂನಿಯರ್‌ಗಳು ಬರೆದ ಕೋಡಿಗೆ "ಇನ್‌ಪುಟ್ ಬರದೇ ಹೋದ್ರೆ ಏನಾಗುತ್ತೆ? ಅದನ್ನ ಯೋಚಿಸಿದ್ದೀಯಾ?" ಅಂತ ದಿನಕ್ಕೆ ನಾಲ್ಕು ಸಲ ಬರೆಯೋನು ನಾನು.

ಅಪ್ಪ ಬೈಯಲಿಲ್ಲ. ಮೂರು ತಿಂಗಳು ಆ ಮಾತೇ ಎತ್ತಲಿಲ್ಲ. ಅಕ್ಟೋಬರ್ ಕೊನೆಗೆ ಮುಂಬೈಯ ಕೊನೇ ಪದ್ಮಿನಿ ಟ್ಯಾಕ್ಸಿ ರಸ್ತೆ ಬಿಟ್ಟಿತು ಅಂತ ಟೀವೀಲಿ ತೋರಿಸಿದ್ರು. ಅವತ್ತು ರಾತ್ರಿ ಫೋನ್ ಮಾಡಿ "ಹಳೇ ಕಾರ್ಬೇಟರ್ ಎಲ್ಲಿಟ್ಟಿದ್ಯೋ?" ಅಂದ್ರು.

"ಯಾಕಪ್ಪ?"

"ನೀನು ಮಾಡಿದ್ದು ಚೆನ್ನಾಗೈತೆ ಕಣ್ಲಾ. ಆದ್ರೆ ಅದು ನಿನ್ನ ಮಾತು ಮಾತ್ರ ಕೇಳುತ್ತೆ."

ದೀಪಾವಳಿಗೆ ಹೋಗಿ ಎಲ್ಲ ಬಿಚ್ಚಿದೆ. ಅಪ್ಪ ಸೋಲೆಕ್ಸ್ ಕಾರ್ಬೇಟರನ್ನ ಪೆಟ್ರೋಲಲ್ಲಿ ನೆನೆಹಾಕಿ, ಹಳೇ ಹಲ್ಲುಜ್ಜೋ ಬ್ರಷ್ಷಲ್ಲಿ ತಿಕ್ಕಿ, ಜೆಟ್‌ಗಳನ್ನ ಬಾಯಲ್ಲಿ ಊದಿದ್ರು. ಈಗಿನ ಪೆಟ್ರೋಲಲ್ಲಿ ಎಥನಾಲ್ ಜಾಸ್ತಿ. ಶೇಕಡ 20 ಇದ್ರೆ ಆ 14.7 ಅನ್ನೋ ಲೆಕ್ಕ 13.5ರ ಹತ್ರಕ್ಕೆ ಇಳಿಯುತ್ತೆ, ಅಂದ್ರೆ ಅಷ್ಟೇ ಗಾಳಿಗೆ ಪೆಟ್ರೋಲ್ ಇನ್ನೂ ಸ್ವಲ್ಪ ಬೇಕು. ನಾನದನ್ನ ವಿವರಿಸೋಕೆ ಹೋದೆ. ಅಪ್ಪ ಕಿವಿಗೇ ಹಾಕ್ಕೊಳ್ಳದೆ ಗ್ಯಾರೇಜಿನಿಂದ ಒಂದು ನಂಬರ್ ದೊಡ್ಡ ಜೆಟ್ ತಂದು ಹಾಕಿ, ಬೇಲೂರಿಗೆ ಹೋಗಿ ಬಂದು ಪ್ಲಗ್ ಬಿಚ್ಚಿ ನೋಡಿದ್ರು. "ಕಾಫಿಪುಡಿ ಬಣ್ಣ ಬಂದೈತೆ. ಸರಿ ಐತೆ" ಅಂದ್ರು. ಹಳೇ ರಬ್ಬರ್ ಪೈಪುಗಳು ಮಾತ್ರ ಮೆತ್ತಗಾಗಿದ್ವು, ಬದಲಾಯಿಸಿದ್ವಿ.

ಹೀಗೆ ಡಬ್ಬ ಅಟ್ಟ ಸೇರಿತು. ಬಿಚ್ಚುವಾಗ ಒಂದು ಒಳ್ಳೇ ಬುದ್ಧಿ ಇತ್ತು, ವೈರ್ ಕತ್ತರಿಸಲಿಲ್ಲ. ಹಳೇ ಇಸಿಯು ಮಾರೋರು ಮಾಡೋ ದೊಡ್ಡ ತಪ್ಪೇ ಅದು, ಡಬ್ಬದ ಹತ್ರಾನೇ ವೈರಿಂಗ್ ಕಚ್ ಅಂತ ಕತ್ತರಿಸಿಬಿಡ್ತಾರೆ. ಯಾವ ವೈರು ಎಲ್ಲಿಗೆ ಅಂತ ಗೊತ್ತಿಲ್ಲದ ಇಸಿಯು ಅಂದ್ರೆ ಬೀಗ ಇಲ್ಲದ ಕೀಗೊಂಚಲು. ಒಂದೊಂದು ವೈರಿಗೂ ಚೀಟಿ ಅಂಟಿಸಿದೆ. ಇಂಜೆಕ್ಟರ್ ನಾಲ್ಕನ್ನೂ ತೊಳೆಸಿ ಟೆಸ್ಟ್ ಮಾಡಿಸಿದೆ. ಸೈಲೆನ್ಸರಿನ ಸೆನ್ಸರನ್ನ ಪಟ್ಟಿಯಿಂದ ತೆಗೆದೆ. ಅದು ಸವೆಯೋ ಸಾಮಾನು, ಹಳೇದನ್ನ ಯಾರೂ ತಗೋಬಾರದು. ಕೊನೆಗೆ ಕಂಡೀಷನ್ ಮುಂದೆ 'ವರ್ಕಿಂಗ್' ಅಂತ ಬರೆದು, 28,000 ಅಂತ ಹಾಕಿದೆ.

ಮೊದಲ ಫೋನಿನವರು ನಮಸ್ಕಾರಾನೂ ಹೇಳದೆ "ಲಾಸ್ಟ್ ಎಷ್ಟು?" ಅಂದ್ರು. ಇನ್ನೊಬ್ಬರಿಗೆ ಅದನ್ನ ತಮ್ಮ ಹೊಸ ಕಾರಿಗೆ ಹಾಕಬೇಕಿತ್ತಂತೆ. ಕಂಪನಿ ಕಾರಿನ ಇಸಿಯು ಕೀ ಜೊತೆ ಜೋಡಿಯಾಗಿರುತ್ತೆ, ಕಂಡ ಡಬ್ಬ ಹಾಕಿದ್ರೆ ಸ್ಟಾರ್ಟೇ ಆಗಲ್ಲ ಅಂತ ಅರ್ಧ ಗಂಟೆ ಪಾಠ ಮಾಡಿದೆ. ಮೂರನೆಯವನು ಸಕಲೇಶಪುರದ ಹುಡುಗ, ಇಪ್ಪತ್ತಮೂರು ಇಪ್ಪತ್ನಾಲ್ಕು ಇರಬಹುದು. ಅವರ ತಾತನ ಹಳೇ ಕಾರ್ಬೇಟರ್ ಜಿಪ್ಸಿ ಇದೆಯಂತೆ, 970 ಸಿಸಿಯದು. ಭಾನುವಾರ ಬೈಕಲ್ಲಿ ಬಂದೇ ಬಿಟ್ಟ.

ಹುಡುಗನಿಗೆ ವಿಷಯ ಗೊತ್ತಿತ್ತು. ಬೋರ್ಡನ್ನ ತಿರುಗಿಸಿ ಬೆಸುಗೆ ನೋಡಿದ. "ಮ್ಯಾಪೂ ಕೊಡ್ತೀರಾ ಅಣ್ಣ?" ಅಂದ. ಕೊಡ್ತೀನಿ, ಆದ್ರೆ ಅದು ಬೇರೆ ಎಂಜಿನ್ನಿಂದು, ನಿನ್ನ ಗಾಡಿಗೆ ಮೊದಲಿಂದ ತುಂಬಬೇಕು ಅಂದೆ. 25,000ಕ್ಕೆ ಬಂದು ನಿಂತಿದ್ವಿ. ಮೈನಸ್ 40ರ ವಿಷಯ ಹೇಳಬೇಕು ಅಂತ ನಾಲಿಗೆ ತುದೀಲಿತ್ತು. ದುಡ್ಡು ಕೈಗೆ ಬಂದ್ಮೇಲೆ ಹೇಳೋಣ ಅಂತಲೂ ಒಂದು ಲೆಕ್ಕ ಇತ್ತು. ಸುಳ್ಯಾಕೆ ಹೇಳಲಿ, ಇತ್ತು.

ಕಣದಲ್ಲಿ ಕಾಫಿ ಹರಡ್ತಿದ್ದ ಅಪ್ಪ ಕೈ ಒರೆಸ್ಕೊಂಡು ಒಳಗೆ ಬಂದ್ರು. "ನಿಮ್ಮನೇಲಿ ಯಾರ್ಯಾರಿದೀರಪ್ಪ?"

"ಅಮ್ಮ, ಅಜ್ಜಿ, ನಾನು ಅಂಕಲ್."

"ರಾತ್ರಿ ಆಸ್ಪತ್ರೆಗೆ ಹೋಗ್ಬೇಕು ಅಂದ್ರೆ ಇದೇ ಗಾಡೀನಾ?"

"ಹ್ಞೂಂ, ಇದೇ."

ಅಪ್ಪ ಕೂತ್ಕೊಂಡು ಜುಲೈ ರಾತ್ರಿ ಕತೆ ಪೂರ್ತಿ ಹೇಳಿದ್ರು. ಪೆಟ್ರೋಲ್ ವಾಸನೆ, ಬ್ಯಾಟರಿ, ಪಿಕಪ್ಪು, ಎಲ್ಲ. ನನ್ನ ಮೇಲೆ ಒಂದು ದೂರೂ ಇಲ್ಲದೆ, ಗಾಡಿ ವಿಷಯ ಹೇಳೋ ಹಾಗೆ ಹೇಳಿದ್ರು. ಅಮ್ಮ ಅಡುಗೆಮನೆ ಬಾಗಿಲಲ್ಲಿ ನಿಂತು ಕೇಳಿಸ್ಕೊಳ್ತಿದ್ರು. ಕತೆ ಮುಗಿದ ಮೇಲೆ ಹುಡುಗ ಡಬ್ಬ ಕೆಳಗಿಟ್ಟ. ನಾನು ಚೀಲದಿಂದ ಸೀಲ್ ಇರೋ ಹೊಸ ಕನೆಕ್ಟರ್ ತೆಗೆದು ಮುಂದಿಟ್ಟೆ. ಯಾವ ವೈರು ಕಿತ್ರೆ ಏನಾಗುತ್ತೆ, ಎಕ್ಸಲೇಟರ್ ತುಳಿದು ಸೆಲ್ಫ್ ಹೊಡೆಯೋದು ಹೇಗೆ ಅಂತ ಅವನ ನೋಟ್‌ಬುಕ್ಕಲ್ಲಿ ಎರಡು ಪುಟ ಬರೆದುಕೊಟ್ಟೆ. "ಮೊದಲು ಇದನ್ನ ನಿಮ್ಮಮ್ಮಂಗೆ ಕಲಿಸಿಕೊಡು. ಆಮೇಲೆ ಗಾಡಿ ರಸ್ತೆಗೆ ತಗೋ" ಅಂದೆ. ಕಾರ್ಬೇಟರ್ ಬಿಸಾಕಬೇಡ ಅಂತ ಅಪ್ಪ ಸೇರಿಸಿದ್ರು.

ವ್ಯಾಪಾರ 19,000ಕ್ಕೆ ಮುಗೀತು. ಹುಡುಗ ಡಬ್ಬವನ್ನ ಬೈಕಿನ ಹಿಂದೆ ಕಟ್ಟೋವಾಗ ಅಪ್ಪನೇ ಹಗ್ಗ ಬಿಗಿದ್ರು. "ಆರು ಸಾವಿರ ಕಳೆದ್ಯಲ್ಲಪ್ಪ" ಅಂದೆ ಅವನು ಹೋದ ಮೇಲೆ. "ಮಳೆಗಾಲದಲ್ಲಿ ಅವ್ನು ಫೋನ್ ಮಾಡಿದ್ರೆ ಎತ್ತು" ಅಂದು ಕಣಕ್ಕೆ ಹೊರಟ್ರು.

256 ಮನೆಗಳ ಆ ಕೋಷ್ಟಕದ ಒಂದು ನಕಲು ನನ್ನ ಲ್ಯಾಪ್‌ಟಾಪಲ್ಲಿ ಇನ್ನೂ ಇದೆ. ಯಾವ ಎಂಜಿನ್ನಿಗೂ ಈಗ ಅದು ಬೇಕಿಲ್ಲ. ಕಾರಲ್ಲಿ ಉಳಿದಿರೋದು ಒಂದು ತೂತು. ಎಂಜಿನ್ನಿಗೂ ಸೀಟಿಗೂ ಮಧ್ಯೆ ಇರೋ ತಗಡಿನಲ್ಲಿ (ಅದಕ್ಕೂ ಫೈರ್‌ವಾಲ್ ಅಂತಲೇ ಹೆಸರು) ವೈರಿಂಗ್ ತೂರಿಸೋಕೆ ನಾನು ಕೊರೆದದ್ದು. ಅಪ್ಪ ಅದಕ್ಕೆ ಸೈಕಲ್ ಟ್ಯೂಬಿನ ತುಂಡು ಸುತ್ತಿ ತುರುಕಿದ್ದಾರೆ. ಜೋರು ಮಳೆ ಬಂದ್ರೆ ಅಲ್ಲಿಂದ ಎಡಗಡೆ ಸೀಟಿನ ಕಾಲ ಹತ್ರ ತೊಟ್ಟಿಕ್ಕುತ್ತೆ. ಅಮ್ಮ ಅಲ್ಲೊಂದು ಗೊಬ್ಬರದ ಚೀಲ ಮಡಚಿ ಹಾಕ್ಕೊಂಡು, ಅದರ ಮೇಲೆ ಕಾಲಿಟ್ಕೊಂಡು ಕೂರ್ತಾರೆ.